ನೀಲಗಿರಿ ನೆಡಿ, ಆದರೆ ಕತ್ತರಿಸಲು ಹೆದರಬೇಡಿ

ಎಲೆಯನ್ನು ಬೆರಳಲ್ಲಿ ಹೊಸಕಿದ ಕೂಡಲೇ ಮೂಗಿಗೆ ತಂಪಾಗಿ ತಾಗುವ ಆ ಘಮಕ್ಕಾಗಿ ನೀಲಗಿರಿ ಬೆಳೆಸಬೇಕು ಅಂತ ತುಂಬ ಜನರಿಗೆ ಆಸೆ. ಆದರೆ ಮರ ಮನೆಗಿಂತ ಎತ್ತರ ಹೋಗಿಬಿಟ್ಟರೆ ಅನ್ನೋ ಹೆದರಿಕೆ. ಹೆದರಿಕೆ ಸರಿಯೇ, ಸುಮ್ನೆ ಬಿಟ್ಟರೆ ಹೋಗೇ ಹೋಗುತ್ತದೆ. ಆದರೆ ಇದನ್ನು ಪೊದೆಯಾಗಿಯೂ ಇಟ್ಟುಕೊಳ್ಳಬಹುದು, ಆಗಲೇ ಎಳೆ ಎಲೆ ಕೈಗೆಟುಕುವುದು.

ಮೊದಲು ಜಾತಿ ನೋಡಿ. 700ಕ್ಕೂ ಜಾಸ್ತಿ ಜಾತಿಗಳಿವೆ, ಬಹುತೇಕ ಎಲ್ಲವೂ ಆಸ್ಟ್ರೇಲಿಯಾ ಮೂಲದವು. ಹಿಮ ಬೀಳುವ ಕಡೆಗೆ ಟಾಸ್ಮೇನಿಯಾದ ಗುನ್ನಿ ಒಳ್ಳೆಯದು. ಬೆಚ್ಚಗಿನ ಜಾಗವಾದರೆ ನಿಂಬೆ ಘಮದ ಸಿಟ್ರಿಯೊಡೋರಾ. ಎಣ್ಣೆಗೆ ಹೆಸರಾದ ಗ್ಲಾಬ್ಯುಲಸ್ ಭಾರೀ ಮರ, ಸಣ್ಣ ತೋಟಕ್ಕೆ ಬೇಡ.

ಜಾಗಕ್ಕೆ ದಿನವಿಡೀ ಬಿಸಿಲು ಬೇಕು, ನೆರಳಲ್ಲಿ ಗಿಡ ಬೆಳಕಿನ ಕಡೆ ವಾಲುತ್ತದೆ. ಗೋಡೆ, ಪೈಪುಗಳಿಂದ ದೂರವಿರಲಿ. ಎಲೆಯಲ್ಲಿ ಎಣ್ಣೆ ಇರುವುದರಿಂದ ಬೇಗ ಬೆಂಕಿ ಹಿಡಿಯುತ್ತದೆ, ಕಾಳ್ಗಿಚ್ಚಿನ ಭಯ ಇರುವ ಕಡೆ ಮನೆಯ ಹತ್ತಿರ ನೆಡಲೇಬೇಡಿ.

ಸಸಿ ಕೊಳ್ಳುವಾಗ ದೊಡ್ಡದಕ್ಕೆ ಆಸೆಪಡಬೇಡಿ. ನನ್ನ ಪ್ರಕಾರ ಮೊಣಕಾಲೆತ್ತರ ಸಾಕು. ಬಹಳ ದಿನ ಕುಂಡದಲ್ಲೇ ಉಳಿದ ಸಸಿಯ ಬೇರು ಒಳಗೇ ಸುತ್ತಿಕೊಂಡಿರುತ್ತದೆ, ಅಂಥದ್ದನ್ನು ನೆಟ್ಟರೆ ಮೇಲೆ ಚೆನ್ನಾಗಿ ಬೆಳೆದಂತೆ ಕಂಡರೂ ಕೆಲವು ವರ್ಷದ ಮೇಲೆ ಜೋರು ಗಾಳಿಗೆ ಬುಡಸಮೇತ ಉರುಳಬಹುದು. ಹಾಗಾಗಿ ಕುಂಡ ಕಳಚಿ ಬೇರು ನೋಡಿಯೇ ಕೊಳ್ಳಿ.

ಗುಂಡಿ ಬೇರಿನ ಗಡ್ಡೆಯಷ್ಟೇ ಆಳ, ಅದರ ಎರಡರಷ್ಟು ಅಗಲ. ಬೇರನ್ನು ಜಾಸ್ತಿ ಕದಲಿಸದೆ ಇಳಿಸಿ, ಅದೇ ಮಣ್ಣು ಮುಚ್ಚಿ, ಚೆನ್ನಾಗಿ ನೀರು ಕೊಡಿ. ಗೊಬ್ಬರ ಸುರಿಯಬೇಡಿ, ಮೇಲೆ ಸರಸರ ಬೆಳೆದು ಬೇರು ಹಿಂದೆ ಬೀಳುತ್ತದೆ. ಕೋಲು ಕಟ್ಟದಿದ್ದರೇ ಒಳ್ಳೆಯದು, ಗಾಳಿಗೆ ಅಲ್ಲಾಡಿದಷ್ಟೂ ಕಾಂಡ ಗಟ್ಟಿಯಾಗುತ್ತದೆ. ಮೊದಲ ವರ್ಷ ಮಣ್ಣು ಒಣಗಿದಾಗೆಲ್ಲ ನೀರು ಹಾಕಿ, ಬುಡದ ಸುತ್ತ ಹುಲ್ಲು ಬೆಳೆಯದಂತೆ ನೋಡಿಕೊಳ್ಳಿ.

ಇನ್ನು ಕತ್ತರಿಸುವುದು. ಇದೇ ಮುಖ್ಯ. ಬೇರೂರಿದ ಮೇಲೆ, ಎರಡು ಮೂರು ವರ್ಷಕ್ಕೆ, ಚಳಿ ಮುಗಿಯುತ್ತಿದ್ದ ಹಾಗೆ ಕಾಂಡವನ್ನು ನೆಲದಿಂದ ಒಂದಡಿ ಬಿಟ್ಟು ಕತ್ತರಿಸಿ. ಕೈ ನಡುಗುತ್ತದೆ, ಅಲ್ವಾ? ಪರವಾಗಿಲ್ಲ. ಬುಡದಲ್ಲಿ ಗಂಟಿನಂಥ ಉಬ್ಬು ಇರುತ್ತದೆ, ಅದರೊಳಗೆ ಮಲಗಿದ್ದ ಮೊಗ್ಗುಗಳು ಎದ್ದು ಕೂಳೆ ಕಬ್ಬಿನ ಹಾಗೆ ಹಿಂಡು ಹಿಂಡಾಗಿ ಚಿಗುರುತ್ತವೆ. ಗುನ್ನಿಯಲ್ಲಿ ಈ ಎಳೆ ಎಲೆಗಳು ದುಂಡಗೆ, ಬೆಳ್ಳಿ ನೀಲಿ ಬಣ್ಣದಲ್ಲಿ ಜೋಡಿಜೋಡಿಯಾಗಿ ಬರುತ್ತವೆ. ಹೂಗುಚ್ಛದಲ್ಲಿ ಕಾಣುವುದು ಇಂಥವೇ. ಕತ್ತರಿಸದೆ ಬಿಟ್ಟರೆ ಮರ ಬಲಿತು, ಎಲೆ ಉದ್ದಕ್ಕೆ ಕುಡುಗೋಲಿನಂತಾಗುತ್ತದೆ. ಪ್ರತಿ ವರ್ಷವೋ ವರ್ಷ ಬಿಟ್ಟು ವರ್ಷವೋ ಹೀಗೆ ಮಾಡುತ್ತಿರಿ.

ನಾಯಿ, ಬೆಕ್ಕು ಎಲೆ ತಿನ್ನದಂತೆ ನೋಡಿಕೊಳ್ಳಿ, ಅವುಗಳಿಗೆ ವಿಷ. ಬಲಿತ ಕಾಂಡದ ತೊಗಟೆ ಪಟ್ಟಿಪಟ್ಟಿಯಾಗಿ ಸುಲಿದರೆ ರೋಗ ಅಂತ ಗಾಬರಿಯಾಗಬೇಡಿ, ಅದರ ಸ್ವಭಾವವೇ ಹಾಗೆ. ನಿತ್ಯ ಹಸಿರಾದರೂ ಹಳೆ ಎಲೆ ವರ್ಷವಿಡೀ ಉದುರುತ್ತಲೇ ಇರುತ್ತದೆ, ಆಗಾಗ ಗುಡಿಸಿ ತೆಗೆಯಿರಿ.