ಐಪಿಎಫ್‌ಎಸ್‌ಗೆ ಹಾಕಿದ ಚಿತ್ರ ಕಳೆದುಹೋಗದಂತೆ ನೋಡಿಕೊಳ್ಳುವುದು ಹೇಗೆ?

ಐಪಿಎಫ್‌ಎಸ್ ಅಂದರೆ ಫೈಲುಗಳನ್ನು ಒಂದೇ ಸರ್ವರ್ ಬದಲು ಹಲವರ ಕಂಪ್ಯೂಟರ್‌ಗಳಲ್ಲಿ ಇಟ್ಟು ಹಂಚಿಕೊಳ್ಳುವ ಜಾಲ. ಅದಕ್ಕೆ ಒಂದು ಸಲ ಹಾಕಿಬಿಟ್ಟರೆ ಚಿತ್ರ ಯಾವತ್ತೂ ಹೋಗಲ್ಲ ಅಂತ ತುಂಬಾ ಜನ ನಂಬಿಕೊಂಡಿದ್ದಾರೆ. ಬದಲಾಗದೇ ಇರುವುದು ಅದರ ವಿಳಾಸ ಮಾತ್ರ. ಅದಕ್ಕೆ ಸಿಐಡಿ ಅಂತಾರೆ. ಫೈಲಿನಲ್ಲಿ ಏನಿದೆಯೋ ಅದರಿಂದಲೇ ಲೆಕ್ಕ ಹಾಕಿ ಅದನ್ನು ಮಾಡುತ್ತಾರೆ, ಒಂದು ಪಿಕ್ಸೆಲ್ ಬದಲಾದರೂ ಸಿಐಡಿ ಬೇರೆ. ಆದರೆ ಫೈಲನ್ನು ಎಲ್ಲೋ ಒಂದು ಕಂಪ್ಯೂಟರ್ ಇಟ್ಟುಕೊಂಡಿರಲೇಬೇಕು, ಅಲ್ವಾ?

ಅದಕ್ಕೇ ಪಿನ್ ಮಾಡುವುದು, ಅಂದರೆ ಈ ಫೈಲನ್ನು ಅಳಿಸಬೇಡ ಅಂತ ನೋಡ್‌ಗೆ (ಜಾಲದಲ್ಲಿರುವ ಕಂಪ್ಯೂಟರ್‌ಗೆ) ಹೇಳಿಡುವುದು. ಪಿನ್ ಇಲ್ಲದ ಫೈಲನ್ನು ಜಾಗ ಖಾಲಿ ಮಾಡುವಾಗ ನೋಡ್ ಅಳಿಸಿಬಿಡಬಹುದು. ನಿಮ್ಮದೇ ನೋಡ್‌ನಲ್ಲಿ ಒಂದು ಪಿನ್ ಇರಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪಿನ್ನಿಂಗ್ ಸೇವೆಗಳಲ್ಲೂ (ನಿಮ್ಮ ಪರವಾಗಿ ಫೈಲನ್ನು ಪಿನ್ ಮಾಡಿಡುವ ಕಂಪನಿಗಳು) ಇರಲಿ. ಸೇವೆ ಮುಚ್ಚಬಹುದು, ಕಾರ್ಡಿನ ಅವಧಿ ಮುಗಿದು ಹಣ ಹೋಗದೇ ಇರಬಹುದು.

ಎನ್‌ಎಫ್‌ಟಿ (ಕೃತಿಯ ಒಡೆತನ ತೋರಿಸಲು ಬ್ಲಾಕ್‌ಚೈನ್‌ನಲ್ಲಿ ದಾಖಲಾಗುವ ಟೋಕನ್) ಆದರೆ ಇನ್ನೊಂದು ಕೆಲಸವಿದೆ. ಟೋಕನ್‌ನಲ್ಲಿ ಸಾಮಾನ್ಯವಾಗಿ ಚಿತ್ರ ಇರುವುದಿಲ್ಲ, ವಿವರಗಳನ್ನು ಬರೆದಿಟ್ಟ ಒಂದು ಜೇಸನ್ ಫೈಲಿನ ಲಿಂಕ್ ಇರುತ್ತದೆ, ಆ ಫೈಲಿನ 'ಇಮೇಜ್' ಅನ್ನುವ ಸಾಲಿನಲ್ಲಿ ಚಿತ್ರದ ಲಿಂಕ್. ತೆರೆದು ನೋಡಿ. ಅಲ್ಲಿ ಸಿಐಡಿ ಇಲ್ಲದೆ ಸುಮ್ನೆ ಒಂದು ವೆಬ್‌ಸೈಟಿನ ವಿಳಾಸವಿದ್ದರೆ, ಆ ಸೈಟ್ ನಿಂತ ದಿನ ಚಿತ್ರವೂ ಹೋಯಿತು. ಚಿತ್ರ, ಜೇಸನ್ ಎರಡನ್ನೂ ಪಿನ್ ಮಾಡಿ, ಜೇಸನ್ ಮರೆಯುವವರೇ ಜಾಸ್ತಿ.

ನಾನು ಎಡವಿದ್ದು ಬೇರೆ ಕಡೆ. ಬ್ಯಾಕಪ್‌ನಲ್ಲಿದ್ದ ಅದೇ ಚಿತ್ರವನ್ನು ಹೊಸ ನೋಡ್‌ಗೆ ಹಾಕಿದೆ, ಸಿಐಡಿ ಬೇರೆಯೇ ಬಂತು! ದೊಡ್ಡ ಫೈಲನ್ನು ಐಪಿಎಫ್‌ಎಸ್ ತುಂಡು ಮಾಡಿ ಇಡುತ್ತದೆ, ತುಂಡಿನ ಅಳತೆ ಬದಲಾದರೆ ಸಿಐಡಿಯೂ ಬದಲಾಗುತ್ತದೆ, ಹಳೇ ಲಿಂಕ್‌ಗೆ ಆ ಹೊಸ ಪ್ರತಿಯಿಂದ ಏನೂ ಉಪಯೋಗವಿಲ್ಲ. ಆದ್ದರಿಂದ ಮೂಲ ಫೈಲಿನ ಜೊತೆಗೆ ಸಿಎಆರ್ ಫೈಲನ್ನೂ (ಆ ತುಂಡುಗಳನ್ನೆಲ್ಲ ಒಟ್ಟಿಗೆ ಕಟ್ಟಿದ ಫೈಲು) ಎಕ್ಸ್‌ಪೋರ್ಟ್ ಮಾಡಿ, ಬೇರೆ ಬೇರೆ ಜಾಗದಲ್ಲಿರುವ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ. ಸಿಎಆರ್ ಫೈಲಿನಲ್ಲಿ ತುಂಡುಗಳು ಇದ್ದ ಹಾಗೇ ಇರುತ್ತವೆ, ವಾಪಸ್ ಹಾಕಿದರೆ ಅದೇ ಸಿಐಡಿ ಸಿಗುತ್ತದೆ.

ಹಣ ಕೊಟ್ಟು ಫೈಲು ಇಡುವ ಬೇರೆ ಜಾಲಗಳೂ ಇವೆ. 2018ರಲ್ಲಿ ಶುರುವಾದ ಆರ್‌ವೀವ್‌ನಲ್ಲಿ ಒಂದೇ ಸಲ ಹಣ ಕಟ್ಟಿದರೆ ಸಾಕು, ಅದರಲ್ಲಿ ಒಂದು ಪಾಲು ಮುಂದಿನ ವರ್ಷಗಳ ಖರ್ಚಿಗೆ ಅಂತ ನಿಧಿಗೆ ಹೋಗುತ್ತದೆ. ಇನ್ನೊಂದು ಜಾಲವಾದ ಫೈಲ್‌ಕಾಯಿನ್‌ನ ಒಪ್ಪಂದಕ್ಕೆ ಅವಧಿ ಇರುತ್ತದೆ, ನವೀಕರಿಸಬೇಕು. ಮುಖ್ಯ ಕೃತಿಗಳನ್ನು ನಾನು ಆರ್‌ವೀವ್‌ನಲ್ಲೂ ಇಡುತ್ತೇನೆ. ಆದರೆ ಅಲ್ಲಿ ಹಾಕಿದ್ದನ್ನು ಅಳಿಸಲಾಗದು, ಎರಡು ಸಲ ನೋಡಿ ಹಾಕಿ.

ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ. ನಿಮ್ಮ ನೋಡ್ ನಿಲ್ಲಿಸಿ, ಬೇರೆ ಕಂಪ್ಯೂಟರಿನ ಹೊಸ ನೋಡ್‌ನಿಂದ ಸಿಐಡಿ ಕೊಟ್ಟು ಫೈಲ್ ತರಿಸಿ. ಬ್ರೌಸರ್‌ನಲ್ಲಿ ಗೇಟ್‌ವೇ (ಐಪಿಎಫ್‌ಎಸ್ ಫೈಲನ್ನು ಮಾಮೂಲಿ ವೆಬ್‌ಸೈಟಿನಂತೆ ತೋರಿಸುವ ಸರ್ವರ್) ಮೂಲಕ ಕಂಡರೆ ಸಾಲದು, ಅದು ತನ್ನ ಕ್ಯಾಶ್‌ನಿಂದ, ಅಂದರೆ ಮೊದಲೇ ಉಳಿಸಿಕೊಂಡ ಪ್ರತಿಯಿಂದ ತೋರಿಸುತ್ತಿರಬಹುದು. ಬಂದ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ಅನ್ನು (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಮೂಲದ ಹ್ಯಾಶ್ ಜೊತೆ ಹೋಲಿಸಿ. ಬರಲೇ ಇಲ್ಲ ಅಂದರೆ ಅವತ್ತೇ ಸಿಎಆರ್ ಫೈಲಿನಿಂದ ಮತ್ತೆ ಹಾಕಿ ಪಿನ್ ಮಾಡಿ.