ಬ್ಯಾಕಪ್ ರೂಟ್ ಬರೆಯುವಾಗ ಮೊದಲು ಸ್ಲಾಶ್ ನೋಡಿ

ಬಳ್ಳಾರಿ ಆಫೀಸಿನಿಂದ ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳಿಗೆ ಲಿಂಕ್ ಕೊಡುವಾಗ ನಾನು ಎರಡು ದಾರಿ ಇಡುತ್ತೇನೆ: ಒಂದು ಫೈಬರ್, ಇನ್ನೊಂದು 4ಜಿ ಸಿಮ್ ಮೇಲೆ ಟನಲ್ (ಇಂಟರ್ನೆಟ್ಟಿನೊಳಗೆ ಎರಡು ರೂಟರುಗಳ ನಡುವಿನ ಖಾಸಗಿ ದಾರಿ). ಜೆಸಿಬಿ ಫೈಬರ್ ಕಿತ್ತಾಗ ಮಾತ್ರ 4ಜಿ ಏಳಬೇಕು. ಇದಕ್ಕೆ ಹೆಚ್ಚಿನವರು ರೂಟಿನ ಪ್ರತಿ ಸಾಲಿಗೆ ಕೊಡುವ ಡಿಸ್ಟೆನ್ಸ್ ಸಂಖ್ಯೆಯನ್ನೇ (ಚಿಕ್ಕದಿದ್ದ ಸಾಲಿಗೆ ಆದ್ಯತೆ) ನಂಬುತ್ತಾರೆ. ಆದರೆ ಪ್ಯಾಕೆಟ್ ಬಂದಾಗ ರೂಟರ್ ಹಿಡಿಯುವುದು ಆ ಅಡ್ರೆಸ್ಸಿಗೆ ಹೊಂದುವ ಸಾಲುಗಳಲ್ಲಿ ಸ್ಲಾಶ್ ಸಂಖ್ಯೆ (/24, /25ರಂಥದ್ದು; ದೊಡ್ಡದಾದಷ್ಟೂ ಆ ಸಾಲಿನೊಳಗಿನ ಅಡ್ರೆಸ್ಸುಗಳು ಕಡಿಮೆ) ಅತಿ ದೊಡ್ಡದಿರುವುದನ್ನು. ನೆಟ್‌ವರ್ಕೂ ಸ್ಲಾಶೂ ಒಂದೇ ಆಗಿರುವ ಸಾಲುಗಳ ನಡುವೆ ಮಾತ್ರ ಡಿಸ್ಟೆನ್ಸ್ ಲೆಕ್ಕಕ್ಕೆ ಬರುತ್ತದೆ.

ಗಂಗಾವತಿ 10.20.5.0/24 ಎನ್ನಿ. ಅದು ಫೈಬರ್ ಮೇಲೆ, ಡಿಸ್ಟೆನ್ಸ್ 1. ಕ್ಯಾಮೆರಾಗಳಿಗೆ ಬ್ಯಾಕಪ್ ಇರಲಿ ಎಂದು ಯಾರೋ 10.20.5.128/25 ಅನ್ನು 4ಜಿ ಮೇಲೆ ಡಿಸ್ಟೆನ್ಸ್ 250 ಕೊಟ್ಟು ಬರೆದರು. ಈಗ 10.20.5.60 ಫೈಬರಿನಲ್ಲೇ ಹೋಗುತ್ತದೆ, 10.20.5.130 ಮಾತ್ರ ಫೈಬರ್ ಚೆನ್ನಾಗಿದ್ದರೂ 4ಜಿಯಲ್ಲಿ. 250 ಇದ್ದರೂ ಅಷ್ಟೆ, 1 ಇದ್ದರೂ ಅಷ್ಟೆ. ಮಧ್ಯಾಹ್ನದೊಳಗೆ ಡೇಟಾ ಪ್ಯಾಕ್ ಖಾಲಿ. ಬ್ಯಾಕಪ್ ಸಾಲೂ /24 ಆಗಿರಬೇಕು, ಡಿಸ್ಟೆನ್ಸ್ 10 ಸಾಕು. 2008ರ ಫೆಬ್ರವರಿಯಲ್ಲಿ ಯೂಟ್ಯೂಬ್‌ನ 208.65.152.0/22ರೊಳಗಿನ ಒಂದು /24 ಅನ್ನು ಪಾಕಿಸ್ತಾನ್ ಟೆಲಿಕಾಂ ಘೋಷಿಸಿದಾಗ ಜಗತ್ತಿನ ಬಹುಭಾಗದ ಟ್ರಾಫಿಕ್ ಅತ್ತ ತಿರುಗಿದ್ದೂ ಇದೇ ನಿಯಮದಿಂದ.

ಉದ್ದ ಸ್ಲಾಶ್ (ಅಂದರೆ ದೊಡ್ಡ ಸಂಖ್ಯೆಯದು) ಬೇಕೇ ಬೇಕಾದ ಜಾಗವೂ ಒಂದಿದೆ. ಸಿಮ್‌ಗೆ ಸಾಮಾನ್ಯವಾಗಿ ಪಬ್ಲಿಕ್ ಐಪಿ ಸಿಗದ ಕಾರಣ ಟನಲ್ ಅನ್ನು ಮಿಲ್ಲಿನ ಕಡೆಯಿಂದಲೇ ಎಬ್ಬಿಸಬೇಕು. ಅಲ್ಲಿನ ಡೀಫಾಲ್ಟ್ ರೂಟ್ (ಬೇರೆ ಯಾವ ಸಾಲೂ ಹೊಂದದಾಗ ಹಿಡಿಯುವ ದಾರಿ) ಫೈಬರಿಗಿದ್ದರೆ ಟನಲ್ ಕೂಡ ಫೈಬರಿನೊಳಗೇ ಹೋಗಿ ಕೂರುತ್ತದೆ, ಫೈಬರ್ ಹೋದರೆ ಎರಡೂ ಹೋದವು. ಮಿಲ್ಲಿನ ರೂಟರಿನಲ್ಲಿ ಬಳ್ಳಾರಿಯ ಪಬ್ಲಿಕ್ ಐಪಿಗೆ 4ಜಿ ಗೇಟ್‌ವೇ (ಪ್ಯಾಕೆಟ್ ಒಪ್ಪಿಸುವ ಮುಂದಿನ ರೂಟರ್) ಮೇಲೆ ಒಂದು /32, ಅಂದರೆ ಒಂದೇ ಅಡ್ರೆಸ್ಸಿನ ಸಾಲು, ಬರೆದರೆ ಆಯಿತು.

ಸಿಂಧನೂರಿನ ತಕರಾರು ಬೇರೆ. ಅಲ್ಲಿಗೆ ಬಳ್ಳಾರಿಯಿಂದ 10.20.8.0/22 ಪೂರ್ತಿ ಕಳಿಸಿದ್ದೇವೆ, ಬಳಕೆಯಲ್ಲಿರುವುದು 10.20.8.0/24 ಮತ್ತು 10.20.9.0/24 ಮಾತ್ರ. 10.20.10.5ಕ್ಕೆ ಹೊರಟ ಪ್ಯಾಕೆಟ್ ಸಿಂಧನೂರು ಮುಟ್ಟುತ್ತದೆ. ಅಲ್ಲಿ ಹೊಂದುವ /24 ಇಲ್ಲ, ಡೀಫಾಲ್ಟ್ ಹಿಡಿದು ಬಳ್ಳಾರಿಗೆ ವಾಪಸ್. ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದೆಂಬ ಮಿತಿ) ಮುಗಿಯುವವರೆಗೆ ಇದೇ ಓಡಾಟ, ದಾರಿಯ ರೂಟರುಗಳನ್ನು ತೋರಿಸುವ ಟ್ರೇಸ್‌ರೂಟ್‌ನಲ್ಲಿ ಎರಡೇ ಐಪಿ ಸರದಿಯಲ್ಲಿ ಕಾಣುತ್ತವೆ. ಸಿಂಧನೂರಿನ ರೂಟರಿನಲ್ಲಿ 10.20.8.0/22 ಬ್ಲ್ಯಾಕ್‌ಹೋಲ್ (ಬಂದ ಪ್ಯಾಕೆಟ್ ಬಿಸಾಡುವ ಸಾಲು) ಎಂದು ಬರೆಯಿರಿ. ಚಾಲೂ ಇರುವ /24ಗಳು ಉದ್ದವಾದ್ದರಿಂದ ಅವಕ್ಕೆ ಏನೂ ಆಗದು.

ಮೀಡಿಯಾ ಕನ್ವರ್ಟರ್ (ಫೈಬರನ್ನು ಈಥರ್ನೆಟ್‌ಗೆ ಬದಲಿಸುವ ಡಬ್ಬಿ) ಇದ್ದಲ್ಲಿ ಫೈಬರ್ ತುಂಡಾದರೂ ಈಥರ್ನೆಟ್ ಪೋರ್ಟ್ ಜೀವಂತ, ಆದ್ದರಿಂದ ಸ್ಟ್ಯಾಟಿಕ್ ರೂಟ್ ಅಳಿಯುವುದಿಲ್ಲ. ಮೈಕ್ರೋಟಿಕ್ ರೂಟರಿನಲ್ಲಿ ಚೆಕ್ ಗೇಟ್‌ವೇಯನ್ನು ಪಿಂಗ್‌ಗೆ ಇಡುತ್ತೇನೆ: 10 ಸೆಕೆಂಡಿಗೊಮ್ಮೆ ಕೇಳುತ್ತದೆ, ಎರಡು ಸಲ ಉತ್ತರ ಬಾರದಿದ್ದರೆ ಆ ರೂಟ್ ಬಿಡುತ್ತದೆ. ಗೇಟ್‌ವೇ ಆಚೆ ಊರಿನ ಐಪಿ ಆಗಿರಲಿ, ಪಕ್ಕದ ಮೋಡೆಮ್‌ನದ್ದಲ್ಲ. ಇದೇ ಜೋಡಿ ಸಾಲುಗಳು ಮಿಲ್ಲಿನ ರೂಟರಿನಲ್ಲೂ ಬೇಕು, ಇಲ್ಲದಿದ್ದರೆ ಹೋಗುವುದು 4ಜಿಯಲ್ಲಿ, ಉತ್ತರ ಮಾತ್ರ ಸತ್ತ ಫೈಬರಿಗೆ.

ಪರೀಕ್ಷೆಗೆ .60 ಮತ್ತು .130 ಎರಡಕ್ಕೂ ಪಿಂಗ್ ಓಡಿಸಿಟ್ಟು ಕನ್ವರ್ಟರಿನ ಫೈಬರ್ ಬದಿಯ ಪ್ಯಾಚ್ ಕಾರ್ಡ್ ಕೀಳಿ. ಈಥರ್ನೆಟ್ ಬದಿ ಕಿತ್ತರೆ ಪೋರ್ಟೇ ಡೌನ್ ಆಗಿ ಚೆಕ್ ಗೇಟ್‌ವೇ ಹಾಕದ ರೂಟರೂ ಪಾಸಾಗಿಬಿಡುತ್ತದೆ.