ಬಹುಕಾಲದ ನಂತರ ಪಾಪನಿವೇದನೆಗೆ ಹೋಗುವವರಿಗೆ

ಪಾಪನಿವೇದನೆ (ಮಾಡಿದ ಪಾಪಗಳನ್ನು ಗುರುಗಳಿಗೆ, ಅಂದರೆ ಪಾದ್ರಿಗಳಿಗೆ, ಹೇಳಿಕೊಂಡು ದೇವರ ಕ್ಷಮೆ ಪಡೆಯುವ ವಿಧಿ) ಮಾಡಿ ಹತ್ತಿಪ್ಪತ್ತು ವರ್ಷಗಳಾಗಿರುವ ಕಥೋಲಿಕರು ಮತ್ತೆ ಹೋಗಬೇಕೆಂದು ಮನಸ್ಸು ಮಾಡಿದಾಗ ಅವರ ಕಾಲು ಹಿಂದೆಗೆಯುವುದು ಹೆಚ್ಚಾಗಿ ಸಣ್ಣ ಸಣ್ಣ ಕಾರಣಗಳಿಂದ. ಹೇಗೆ ಆರಂಭಿಸಬೇಕೆಂಬುದು ಮರೆತುಹೋಗಿದೆ, ಬಾಲ್ಯದಲ್ಲಿ ಕಲಿತ ಪಶ್ಚಾತ್ತಾಪದ ಪ್ರಾರ್ಥನೆ ಅರ್ಧಕ್ಕೆ ನಿಲ್ಲುತ್ತದೆ, ಇಷ್ಟು ದಿನ ಎಲ್ಲಿದ್ದಿರಿ ಎಂದು ಗುರುಗಳು ಗದರಿಯಾರು ಎಂಬ ಅಳುಕು ಬೇರೆ. ಈ ಬರಹ ಮುಖ್ಯವಾಗಿ ಅಂಥವರಿಗಾಗಿ. ಬಲ್ಲ ಭಾಷೆಯಲ್ಲಿ, ಸರಳವಾಗಿ, ಇದ್ದದ್ದನ್ನು ಇದ್ದಂತೆ ಹೇಳಿ ಮರಳಿ ಬರುವ ಮನಸ್ಸೊಂದಿದ್ದರೆ ಸಾಕು, ಮಿಕ್ಕಿದ್ದನ್ನೆಲ್ಲ ಗುರುಗಳು ಕೈಹಿಡಿದು ನಡೆಸಿಕೊಡುತ್ತಾರೆ ಎಂಬ ಭರವಸೆಯನ್ನು ಮೊದಲೇ ಕೊಡಬಯಸುತ್ತೇನೆ.

ಕಥೋಲಿಕ ಧರ್ಮಸಭೆಯ (ಚರ್ಚಿನ) ಏಳು ಸಂಸ್ಕಾರಗಳಲ್ಲಿ ಎರಡು ಗುಣಪಡಿಸುವ ಸಂಸ್ಕಾರಗಳು. ವ್ಯಾಧಿಸ್ಥರ ಅಭ್ಯಂಗ (ರೋಗಿಗಳಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವುದು) ಒಂದಾದರೆ, ಪಾಪನಿವೇದನೆ ಮತ್ತೊಂದು. ದೀಕ್ಷಾಸ್ನಾನವು (ಬ್ಯಾಪ್ಟಿಸಮ್) ಅದುವರೆಗಿನ ಎಲ್ಲ ಪಾಪಗಳನ್ನೂ ತೊಳೆಯುತ್ತದೆ. ಆದ್ದರಿಂದ ದೀಕ್ಷಾಸ್ನಾನವನ್ನೇ ಪಡೆಯದವರು ಅದಕ್ಕೆ ಮುನ್ನ ಪಾಪನಿವೇದನೆ ಮಾಡುವ ಪ್ರಶ್ನೆ ಏಳುವುದಿಲ್ಲ. ಆನಂತರ ಬಿದ್ದವರನ್ನು ಎತ್ತುವುದಕ್ಕಾಗಿ ಇರುವುದು ಈ ಸಂಸ್ಕಾರ. ಪುನರುತ್ಥಾನದ ಸಂಜೆ ಯೇಸು ತನ್ನ ಶಿಷ್ಯರ ಮೇಲೆ ಉಸಿರೂದಿ, ಪವಿತ್ರಾತ್ಮರನ್ನು ನೀಡಿ, ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನು ಅವರಿಗೆ ಒಪ್ಪಿಸಿದ್ದನ್ನು ಯೊವಾನ್ನನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ಓದುತ್ತೇವೆ. ಧರ್ಮಸಭೆ ಈ ಸಂಸ್ಕಾರದ ಬೇರನ್ನು ಅಲ್ಲಿ ಕಾಣುತ್ತದೆ.

ದೇವರಿಗೆ ನೇರವಾಗಿ ಹೇಳಿದರೆ ಸಾಲದೇ, ನಡುವೆ ಒಬ್ಬ ಮನುಷ್ಯನೇಕೆ ಎಂಬ ಪ್ರಶ್ನೆಯನ್ನು ಎಷ್ಟೋ ಮಂದಿ ಕೇಳುತ್ತಾರೆ, ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಪಾಪವನ್ನು ಕ್ಷಮಿಸುವವರು ದೇವರೊಬ್ಬರೇ ಎಂಬುದರಲ್ಲಿ ಧರ್ಮಸಭೆಗೂ ಎರಡು ಮಾತಿಲ್ಲ. ಗುರುಗಳು ಅಲ್ಲಿ ಕುಳಿತಿರುವುದು ಕ್ರಿಸ್ತರ ಸ್ಥಾನದಲ್ಲಿ, ಅವರ ಹೆಸರಿನಲ್ಲಿ. ಪ್ರತಿ ರಾತ್ರಿ ಮಲಗುವ ಮುನ್ನ ದೇವರ ಬಳಿ ನೇರವಾಗಿ ಕ್ಷಮೆ ಕೇಳುವುದು ಒಳ್ಳೆಯ ರೂಢಿ. ದೇವಾಲಯದಲ್ಲಿ ನಡೆಯುವ ಬಲಿಪೂಜೆಯ (ಮಾಸ್) ಆರಂಭದಲ್ಲಿ ಎಲ್ಲರೂ ಸೇರಿ ಕೇಳಿಕೊಳ್ಳುತ್ತಲೂ ಇರುತ್ತೇವೆ. ಆದರೆ ಪಾಪವು ದೇವರೊಡನೆ ಇರುವ ನಂಟನ್ನು ಮಾತ್ರ ಹರಿಯುವುದಿಲ್ಲ, ವಿಶ್ವಾಸಿಗಳ ಇಡೀ ಸಮುದಾಯವನ್ನೂ ನೋಯಿಸುತ್ತದೆ. ಆ ಸಮುದಾಯದ ಪರವಾಗಿಯೂ ಒಬ್ಬರು ನಮ್ಮನ್ನು ಮತ್ತೆ ಒಳಗೆ ಕರೆದುಕೊಳ್ಳಬೇಕು. ಇದಕ್ಕಿಂತ ಮನಸ್ಸಿಗೆ ಹತ್ತಿರವಾದ ಇನ್ನೊಂದು ಕಾರಣವನ್ನು ನಾನು ಅನುಭವದಿಂದ ಹೇಳಬಲ್ಲೆ. ತಲೆಯೊಳಗೇ ಕೇಳಿಕೊಂಡ ಕ್ಷಮೆ ಸಿಕ್ಕಿತೋ ಇಲ್ಲವೋ ಎಂಬ ಸಂಶಯ ಕಾಡುತ್ತಲೇ ಇರುತ್ತದೆ, ಕಿವಿಯಾರೆ ಕೇಳಿದ ಕ್ಷಮೆಯ ಮಾತು ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

ಈ ಸಂಸ್ಕಾರದ ಹೊರರೂಪ ಕಾಲಕಾಲಕ್ಕೆ ಬದಲಾಗಿದೆ. ಮೊದಲ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ವಿಗ್ರಹಾರಾಧನೆಯಂಥ ಘೋರ ಪಾಪಗಳಿಗೆ ವರ್ಷಗಟ್ಟಲೆ ಬಹಿರಂಗ ಪ್ರಾಯಶ್ಚಿತ್ತವಿತ್ತು. ಏಳನೆಯ ಶತಮಾನದಲ್ಲಿ ಐರ್ಲೆಂಡಿನ ಸನ್ಯಾಸಿಗಳು ಗುರುವಿಗೆ ಖಾಸಗಿಯಾಗಿ ನಿವೇದಿಸುವ ಪದ್ಧತಿಯನ್ನು ಯುರೋಪಿನ ಭೂಖಂಡಕ್ಕೆ ತಂದರು. 1215ರಲ್ಲಿ ಬಿಷಪರು ಕೂಡಿದ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ವಿವೇಕದ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಆ ಕಟ್ಟಳೆ ಘೋರ ಪಾಪಗಳ ಮಟ್ಟಿಗೆ ಇಂದಿಗೂ ಜಾರಿಯಲ್ಲಿದೆ.

ಏನನ್ನು ಹೇಳಲೇಬೇಕು, ಏನನ್ನು ಹೇಳಿದರೆ ಒಳ್ಳೆಯದು ಎಂಬುದನ್ನು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಮಾರಕ (ಘೋರ) ಪಾಪಗಳನ್ನು, ಅಂದರೆ ದೇವರೊಡನೆ ಇರುವ ಸ್ನೇಹವನ್ನೇ ಕಡಿದುಹಾಕುವ ಪಾಪಗಳನ್ನು, ನೆನಪಿಗೆ ಬಂದಷ್ಟನ್ನೂ ಹೇಳಲೇಬೇಕು. ಒಂದು ಪಾಪ ಮಾರಕವಾಗಲು ಮೂರೂ ಸೇರಿರಬೇಕು: ವಿಷಯ ಗಂಭೀರವಾಗಿರಬೇಕು, ಅದು ತಪ್ಪೆಂದು ಪೂರ್ತಿ ತಿಳಿದಿರಬೇಕು, ಮತ್ತು ಮನಃಪೂರ್ವಕವಾಗಿ ಒಪ್ಪಿ ಮಾಡಿರಬೇಕು. ಬೆದರಿಕೆಗೆ ಮಣಿದು ಮಾಡಿದ್ದು, ಅರಿಯದೆ ಮಾಡಿದ್ದು ಇವುಗಳ ಭಾರ ಬೇರೆಯೇ. ಮಾರಕ ಪಾಪ ಮಾಡಿದ್ದೇನೆಂಬ ಅರಿವಿರುವವರು ಪಾಪನಿವೇದನೆಗೆ ಮುನ್ನ ಪರಮಪ್ರಸಾದ (ಬಲಿಪೂಜೆಯಲ್ಲಿ ನೀಡುವ ಪವಿತ್ರ ರೊಟ್ಟಿ) ಸ್ವೀಕರಿಸಕೂಡದು ಎಂಬುದು ಸಾಮಾನ್ಯ ನಿಯಮ. ದಿನನಿತ್ಯದ ಲಘು ಪಾಪಗಳನ್ನು ಹೇಳಲೇಬೇಕೆಂಬ ಕಡ್ಡಾಯವಿಲ್ಲ. ಆದರೂ ಅವನ್ನು ಹೇಳಿಕೊಳ್ಳುವ ಅಭ್ಯಾಸ ಆತ್ಮಸಾಕ್ಷಿಯನ್ನು ಚುರುಕಾಗಿಡುತ್ತದೆಂದು ಧರ್ಮಸಭೆ ಅದನ್ನು ಬಹಳವಾಗಿ ಪ್ರೋತ್ಸಾಹಿಸುತ್ತದೆ.

ಸಿದ್ಧತೆಗೆ ಅರ್ಧ ಗಂಟೆ ಎತ್ತಿಡಿ. ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಪವಿತ್ರಾತ್ಮರ ಬೆಳಕನ್ನು ಬೇಡಿ, ಲೂಕನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿರುವ ದುಂದುಗಾರ ಮಗನ ಸಾಮತಿಯನ್ನು ನಿಧಾನವಾಗಿ ಓದಿ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತನ್ನು ಮುಗಿಸುವುದಕ್ಕೂ ಬಿಡುವುದಿಲ್ಲ. ತನ್ನ ಪಾಪಗಳನ್ನು ಎಣಿಸಲು ಕೂರುವವನು ಮೊದಲು ಆ ತಂದೆಯ ಮುಖವನ್ನು ನೋಡಬೇಕು, ಇಲ್ಲದಿದ್ದರೆ ಆತ್ಮಶೋಧನೆಯು ಲೆಕ್ಕಪತ್ರದ ತಪಾಸಣೆಯಂತಾಗುತ್ತದೆ.

ಬಳಿಕ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಹಿಡಿದು ನೋಡಬಹುದು. ಕಥೋಲಿಕರ ಎಣಿಕೆಯಲ್ಲಿ ಮೊದಲ ಮೂರು ದೇವರ ಕುರಿತು, ಉಳಿದ ಏಳು ನೆರೆಯವರ ಕುರಿತು. ಹಲವು ಪ್ರೊಟೆಸ್ಟೆಂಟ್ ಸಭೆಗಳ ಎಣಿಕೆ ಇದಕ್ಕಿಂತ ಭಿನ್ನವಾದುದರಿಂದ ಅವರ ಪುಸ್ತಕ ನೋಡಿದವರಿಗೆ ಗೊಂದಲವಾಗಬಹುದು, ಆದರೆ ವಿಷಯ ಒಂದೇ. ಭಾನುವಾರದ ಬಲಿಪೂಜೆಯನ್ನು ಕಾರಣವಿಲ್ಲದೆ ಬಿಟ್ಟೆನೇ, ಪ್ರಾರ್ಥನೆಯನ್ನು ತಿಂಗಳುಗಟ್ಟಲೆ ಮರೆತೆನೇ, ವಯಸ್ಸಾದ ತಂದೆತಾಯಿಗೆ ಉತ್ತರಿಸುವ ದನಿ ಹೇಗಿತ್ತು, ಕೈಕೆಳಗಿನವರಿಗೆ ಸಲ್ಲಬೇಕಾದ ಕೂಲಿಯನ್ನು ತಡೆಹಿಡಿದೆನೇ, ಇನ್ನೊಬ್ಬರ ಹೆಸರಿಗೆ ಮಸಿ ಬಳಿಯುವ ಮಾತನ್ನು ನಾಲ್ಕು ಜನರಿಗೆ ಹಂಚಿದೆನೇ, ದಾಂಪತ್ಯದ ನಿಷ್ಠೆಗೆ ಎಲ್ಲಿ ಕುಂದು ತಂದೆ ಎಂದು ಪ್ರಶ್ನೆಗಳು ಹೀಗೆ ನೇರವಾಗಿರಲಿ. ಮಾಡಿದ ಕೆಡುಕಿನ ಜೊತೆಗೆ ಮಾಡದೆ ಬಿಟ್ಟ ಒಳಿತನ್ನೂ ನೋಡಿ. ಹಲವರು ಇಲ್ಲೇ ಎಡವುತ್ತಾರೆ. ಕೈಯಾರೆ ಯಾರನ್ನೂ ಹೊಡೆದಿಲ್ಲವೆಂಬ ಸಮಾಧಾನದಲ್ಲಿ, ಬಾಗಿಲ ಬಳಿ ನಿಂತಿದ್ದವನನ್ನು ನೋಡಿಯೂ ನೋಡದಂತೆ ನಡೆದದ್ದು ಅವರ ನೆನಪಿಗೇ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ಕಷ್ಟ ಇನ್ನು ಕೆಲವರದು. ಪ್ರತಿ ಯೋಚನೆಯಲ್ಲೂ ಪಾಪ ಕಂಡು, ಒಮ್ಮೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿ, ಆದರೂ ನೆಮ್ಮದಿ ಕಾಣದೆ ಬಳಲುವವರಿದ್ದಾರೆ. ಅಂಥವರು ಬೇರೆ ಬೇರೆ ಕಡೆ ಅಲೆಯದೆ ಒಬ್ಬರೇ ಗುರುಗಳ ಬಳಿ ಹೋಗುವುದು, ಅವರು ಸಾಕೆಂದಾಗ ಸಾಕೆಂದು ನಂಬುವುದು ಹಳೆಯ ಕಾಲದಿಂದ ಬಂದಿರುವ ಬುದ್ಧಿವಾದ.

ಈ ಸಂಸ್ಕಾರದಲ್ಲಿ ನಮ್ಮ ಕಡೆಯಿಂದ ಆಗಬೇಕಾದುದರಲ್ಲಿ ಮೊದಲನೆಯದು ಪಶ್ಚಾತ್ತಾಪ. ಅದಕ್ಕೆ ಕಣ್ಣೀರು ಬರಲೇಬೇಕೆಂದಿಲ್ಲ, ಪಶ್ಚಾತ್ತಾಪವಿರುವುದು ಸಂಕಲ್ಪದಲ್ಲಿ. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ದುಃಖವನ್ನು ಪೂರ್ಣ ಪಶ್ಚಾತ್ತಾಪವೆಂದೂ, ಪಾಪದ ಕುರೂಪವನ್ನು ಕಂಡೋ ಶಿಕ್ಷೆಗೆ ಹೆದರಿಯೋ ಹುಟ್ಟಿದ್ದನ್ನು ಅಪೂರ್ಣ ಪಶ್ಚಾತ್ತಾಪವೆಂದೂ ಕರೆಯುತ್ತಾರೆ. ಈ ಅಪೂರ್ಣವಾದುದೂ ಸಂಸ್ಕಾರವನ್ನು ಪಡೆಯಲು ಮನಸ್ಸನ್ನು ಅಣಿಗೊಳಿಸಬಲ್ಲದೆಂದು ಟ್ರೆಂಟ್ ಮಹಾಸಭೆ 1551ರಲ್ಲಿ ಬೋಧಿಸಿತು. ಎಷ್ಟು ದೊಡ್ಡ ಔದಾರ್ಯವಿದು! ಹೆದರಿಕೊಂಡು ಬಂದವನಿಗೂ ಬಾಗಿಲು ತೆರೆದಿದೆ. ಮತ್ತೆ ಮಾಡುವುದಿಲ್ಲವೆಂಬ ನಿರ್ಧಾರ ಮಾತ್ರ ನಿಜವಾದುದಾಗಿರಬೇಕು. ನಾಳೆ ಮತ್ತೆ ಬೀಳಬಹುದೆಂಬ ಭಯ ಆ ನಿರ್ಧಾರವನ್ನು ಸುಳ್ಳಾಗಿಸುವುದಿಲ್ಲ. ಆದರೆ ನಾಳೆಯೂ ಮಾಡುವೆನೆಂದು ಇಂದೇ ಗಟ್ಟಿಮಾಡಿಕೊಂಡು ಬಂದವನು ಕ್ಷಮೆಗೆ ಸಿದ್ಧನಾಗಿಲ್ಲ.

ಇನ್ನು ಹೇಳುವ ಬಗೆ. ಘೋರ ಪಾಪಗಳ ಬಗೆಯನ್ನೂ ಸಂಖ್ಯೆಯನ್ನೂ ಹೇಳಬೇಕೆಂಬುದು ನಿಯಮ. ಹಲವು ವರ್ಷಗಳ ನಂತರ ಬಂದವರಿಗೆ ನಿಖರ ಲೆಕ್ಕ ಸಿಗಲಾರದು. "ವಾರಕ್ಕೊಮ್ಮೆಯಂತೆ ಸುಮಾರು ಎರಡು ವರ್ಷ" ಎಂದರೆ ಸಾಕು. "ನಾನು ಒಳ್ಳೆಯವನಾಗಿರಲಿಲ್ಲ" ಎಂಬ ಮಾತಿನಲ್ಲಿ ಏನೂ ಹೇಳಿದಂತಾಗುವುದಿಲ್ಲ. ಅದೇ ಹೊತ್ತಿಗೆ, ಅಣ್ಣನೊಡನೆ ನಡೆದ ಆಸ್ತಿ ಜಗಳದ ಇಡೀ ಚರಿತ್ರೆಯನ್ನು, ಅವನು ಆಡಿದ್ದು, ಅತ್ತಿಗೆ ಸೇರಿಸಿದ್ದು ಎಲ್ಲವನ್ನೂ ಬಿಚ್ಚಿಡುವುದೂ ಬೇಡ. ಅದು ಅವರ ಪಾಪಗಳ ನಿವೇದನೆಯಾಗುತ್ತದೆ. "ಆಸ್ತಿಯ ವಿಷಯದಲ್ಲಿ ನನ್ನ ಸೋದರನ ಮೇಲೆ ಸುಳ್ಳು ಹೇಳಿದೆ, ಮೂರು ವರ್ಷಗಳಿಂದ ಅವನೊಡನೆ ಮಾತು ಬಿಟ್ಟಿದ್ದೇನೆ, ಅವನಿಗೆ ಕೇಡಾಗಲೆಂದು ಬಯಸಿದ್ದೇನೆ" ಎಂದರೆ ಮೂರು ತುಣುಕುಗಳಲ್ಲಿ ಎಲ್ಲವೂ ಮುಗಿಯಿತು. ಬೇರೆಯವರ ಹೆಸರು ಹೇಳುವ ಅಗತ್ಯವೇ ಇಲ್ಲ. ನೆನಪಿಗಾಗಿ ಚೀಟಿಯಲ್ಲಿ ಬರೆದುಕೊಂಡು ಹೋಗುವುದರಲ್ಲಿ ತಪ್ಪಿಲ್ಲ. ಎಲ್ಲಕ್ಕಿಂತ ನಾಚಿಕೆ ತರುವ ಪಾಪವನ್ನು ಮೊದಲೇ ಹೇಳಿಬಿಡಿ, ಕೊನೆಗೆಂದು ಇಟ್ಟುಕೊಂಡರೆ ಅದು ಗಂಟಲಲ್ಲೇ ಉಳಿಯುವ ಅಪಾಯವಿದೆ.

ನಿವೇದನೆಯ ಜಾಗದಲ್ಲಿ ಜಾಲರಿಯ ಹಿಂದೆ ಮೊಣಕಾಲೂರಬಹುದು. ಎದುರುಬದುರು ಕುಳಿತು ಮಾತನಾಡುವ ಏರ್ಪಾಡೂ ಹಲವೆಡೆ ಇರುತ್ತದೆ. ನಿಮಗೆ ತಿಳಿದ ಗುರುಗಳ ಬಳಿಯೇ ಹೋಗಬೇಕೆಂದಿಲ್ಲ, ಯಾರನ್ನು ಆರಿಸಿಕೊಳ್ಳುವುದೂ ನಿಮ್ಮ ಸ್ವಾತಂತ್ರ್ಯ. ಫೋನಿನಲ್ಲಿ ಅಥವಾ ವೀಡಿಯೊ ಕರೆಯಲ್ಲಿ ಈ ಸಂಸ್ಕಾರ ನಡೆಯುವುದಿಲ್ಲ. ಒಳಗೆ ಮಬ್ಬು ಬೆಳಕು. ಮೊಣಕಾಲಡಿಯ ಹಲಗೆ ಕಿರ್ರೆನ್ನುತ್ತದೆ. ಜಾಲರಿಯ ಆಚೆ ಕೊರಳಿಗೆ ನೇರಳೆ ಬಣ್ಣದ ಪಟ್ಟಿ ಧರಿಸಿದ ಗುರುಗಳ ಬಾಗಿದ ಕಿವಿ ಕಾಣುತ್ತದೆ, ಮುಖ ಸರಿಯಾಗಿ ಕಾಣುವುದಿಲ್ಲ. ಶಿಲುಬೆಯ ಗುರುತು ಮಾಡಿ, "ಪೂಜ್ಯರೇ, ನನ್ನನ್ನು ಆಶೀರ್ವದಿಸಿ, ನಾನು ಪಾಪ ಮಾಡಿದ್ದೇನೆ. ನಾನು ಪಾಪನಿವೇದನೆ ಮಾಡಿ ಹದಿನೈದು ವರ್ಷಗಳಾದವು. ಹೇಗೆಂದು ಮರೆತಿದೆ, ಸಹಾಯ ಮಾಡಿ" ಎನ್ನಿ. ಈ ಕೊನೆಯ ಮಾತನ್ನು ಹೇಳಲು ಸಂಕೋಚ ಬೇಡ. ಹೇಳಿ ಮುಗಿದ ಮೇಲೆ, "ಇವಕ್ಕೂ ನೆನಪಿಗೆ ಬಾರದ ಎಲ್ಲ ಪಾಪಗಳಿಗೂ ದುಃಖಪಡುತ್ತೇನೆ" ಎಂದು ನಿಲ್ಲಿಸಿ. ಗುರುಗಳು ಒಂದೆರಡು ಬುದ್ಧಿಮಾತು ಹೇಳಿ, ಪ್ರಾಯಶ್ಚಿತ್ತವನ್ನು ವಿಧಿಸಿ, ಪಶ್ಚಾತ್ತಾಪದ ಪ್ರಾರ್ಥನೆ ಮಾಡಲು ತಿಳಿಸುತ್ತಾರೆ. ಕಲಿತದ್ದು ಬಾಯಿಗೆ ಬಾರದಿದ್ದರೆ ಸ್ವಂತ ಮಾತಿನಲ್ಲೇ, ದೇವರೇ, ನಿಮ್ಮ ಮನಸ್ಸನ್ನು ನೋಯಿಸಿದ್ದಕ್ಕಾಗಿ ಪರಿತಪಿಸುತ್ತೇನೆ, ನಿಮ್ಮ ಕೃಪೆಯ ಬಲದಿಂದ ಮತ್ತೆ ಪಾಪ ಮಾಡದಿರಲು ನಿರ್ಧರಿಸುತ್ತೇನೆ ಎಂದರಾಯಿತು. ಆಗ ಗುರುಗಳು ಕೈ ಚಾಚಿ ಪಾಪವಿಮೋಚನೆಯ ಪ್ರಾರ್ಥನೆ ಹೇಳುತ್ತಾರೆ. ಅದರ ಕೊನೆಯಲ್ಲಿ ಪಿತ, ಸುತ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿಮ್ಮ ಪಾಪಗಳನ್ನು ಪರಿಹರಿಸುತ್ತೇನೆ ಎಂಬ ಮಾತು ಬರುತ್ತದೆ. ಅದಕ್ಕೆ "ಆಮೆನ್" ಎನ್ನಬೇಕು.

ಒಳಗೆ ಆಡಿದ ಮಾತು ಅಲ್ಲಿಂದ ಹೊರಗೆ ಹೋಗುವುದಿಲ್ಲ. ನಿವೇದನೆಯ ಮುದ್ರೆಯೆಂದು ಕರೆಯುವ ಈ ಗೌಪ್ಯವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಯಾವ ಕಾರಣಕ್ಕೂ ಮುರಿಯಕೂಡದೆಂದು 1983ರ ಧರ್ಮಸಭಾ ಕಾನೂನಿನ 983ನೆಯ ವಿಧಿ ಹೇಳುತ್ತದೆ. ನೇರವಾಗಿ ಮುರಿದ ಗುರುವು ಆ ಕ್ಷಣವೇ ತಾನಾಗಿ ಬಹಿಷ್ಕಾರಕ್ಕೆ ಒಳಗಾಗುತ್ತಾನೆ. ಭಾಷೆ ಬಾರದವರು ದುಭಾಷಿಯ ಮೂಲಕ ನಿವೇದಿಸಬಹುದು, ಆ ದುಭಾಷಿಯೂ ಗುಟ್ಟು ಕಾಪಾಡಲು ಬದ್ಧ. 1393ರಲ್ಲಿ ಪ್ರಾಗ್ ನಗರದ ವ್ಲ್ತಾವಾ ನದಿಗೆ ಎಸೆಯಲ್ಪಟ್ಟ ಸಂತ ನೆಪೊಮುಕ್‌ನ ಯೊವಾನ್ನರು ರಾಣಿಯ ನಿವೇದನೆಯನ್ನು ರಾಜನಿಗೆ ತಿಳಿಸಲು ಒಪ್ಪದೆ ಪ್ರಾಣ ಕೊಟ್ಟರೆಂದು ಪರಂಪರೆ ಸ್ಮರಿಸುತ್ತದೆ. ಗುರುಗಳು ಏನೆಂದುಕೊಂಡಾರು ಎಂಬ ಅಳುಕಿಗೂ ಒಂದು ಉತ್ತರವಿದೆ: ಅವರೂ ಇನ್ನೊಬ್ಬ ಗುರುವಿನ ಮುಂದೆ ಮೊಣಕಾಲೂರುವವರೇ. 2014ರ ಮಾರ್ಚ್‌ನಲ್ಲಿ ಸಂತ ಪೇತ್ರರ ಮಹಾದೇವಾಲಯದಲ್ಲಿ ಇತರರ ನಿವೇದನೆ ಕೇಳುವ ಮುನ್ನ ಪೋಪ್ ಫ್ರಾನ್ಸಿಸ್ ಎಲ್ಲರ ಕಣ್ಣೆದುರಿಗೇ ಒಬ್ಬ ಗುರುವಿನ ಮುಂದೆ ಮೊಣಕಾಲೂರಿ ತಮ್ಮ ಪಾಪಗಳನ್ನು ನಿವೇದಿಸಿದರು.

ಹೊರಬಂದ ಮೇಲೆ ಮನೆಗೆ ಧಾವಿಸದೆ ದೇವಾಲಯದಲ್ಲೇ ಕುಳಿತು ಪ್ರಾಯಶ್ಚಿತ್ತದ ಪ್ರಾರ್ಥನೆಯನ್ನು ಮುಗಿಸಿ. ಮುಂದಕ್ಕೆ ಹಾಕಿದರೆ ಮರೆಯುವ ಸಂಭವವೇ ಹೆಚ್ಚು. ಪಾಪವಿಮೋಚನೆಯು ಪಾಪವನ್ನು ಅಳಿಸುತ್ತದೆ; ಪಾಪದಿಂದಾದ ಹಾನಿಯನ್ನು ಕೈಲಾದಷ್ಟು ಸರಿಪಡಿಸುವ ಹೊಣೆ ನಮ್ಮ ಮೇಲೆಯೇ ಉಳಿಯುತ್ತದೆ. ಕದ್ದದ್ದನ್ನು ಹಿಂತಿರುಗಿಸಬೇಕು, ಕೆಡಿಸಿದ ಹೆಸರನ್ನು ಮತ್ತೆ ನಿಲ್ಲಿಸಲು ಯತ್ನಿಸಬೇಕು, ಮೂರು ವರ್ಷ ಮಾತು ಬಿಟ್ಟವರಿಗೆ ಒಂದು ಕರೆ ಮಾಡಬೇಕು. ರಾತ್ರಿ ಮಲಗುವಾಗ, ಹೇಳಲು ಮರೆತ ಪಾಪವೊಂದು ಥಟ್ಟನೆ ನೆನಪಾದರೆ ಗಾಬರಿಯಾಗುವುದು ಬೇಡ. ಬೇಕೆಂದೇ ಮುಚ್ಚಿಡದೆ ಮರೆತದ್ದು ಇತರ ಪಾಪಗಳೊಡನೆ ಕ್ಷಮಿಸಲ್ಪಟ್ಟಿದೆ, ಅದು ಘೋರ ಪಾಪವಾಗಿದ್ದರೆ ಮುಂದಿನ ನಿವೇದನೆಯಲ್ಲಿ ಹೇಳಿದರಾಯಿತು. ಬೇಕೆಂದೇ ಮುಚ್ಚಿಟ್ಟಿದ್ದರೆ ಮಾತ್ರ ಇಡೀ ನಿವೇದನೆಯನ್ನೇ ಮತ್ತೆ ಮಾಡಬೇಕಾಗುತ್ತದೆ. ಜೇಬಿನಲ್ಲಿರುವ ಚೀಟಿಯನ್ನು ಆ ದಿನವೇ ಹರಿದುಹಾಕಿ.